ಇಂಜೆಕ್ಷನ್ ಹಾಲು

ಪಟ್ ಎಂದು ಒಂದು ಸದ್ದು. ಒಂದು ಗಳಿಗೆ ಬಿಟ್ಟು ಮತ್ತೊಂದು ಪಟ್.

ಆ ದಿನಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಇದೇ. ಮಾತ್ರೆ ಶೀಟಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದಾಗ ಬೆಳ್ಳಿ ಕಾಗದ ಹರಿಯುವ ಸದ್ದು. ಒತ್ತುತ್ತಿದ್ದವಳು ನನ್ನ ನಾದಿನಿ, ನನ್ನ ಗಂಡನ ಒಬ್ಬಳೇ ತಂಗಿ. ಹಾಲು ಕರೆದು ಕರೆದು ಗಟ್ಟಿಯಾದ ಬೆರಳು ಅವಳವು. ಎಷ್ಟು ಒತ್ತಬೇಕೆಂಬ ಅಂದಾಜಿಲ್ಲದೆ ಒತ್ತಿಬಿಡುತ್ತಿದ್ದಳು, ಮಾತ್ರೆ ಚಿಮ್ಮಿ ಮಂಚದ ಕೆಳಗೆ ಹೋಗುತ್ತಿತ್ತು, ಅವಳು ಮೊಣಕಾಲೂರಿ ಹುಡುಕಿ ತೆಗೆದು ಸೆರಗಿನಲ್ಲಿ ಒರೆಸಿ ಕೊಡುತ್ತಿದ್ದಳು. ನಾನು ಛೀ ಅನ್ನುತ್ತಿದ್ದೆ. ನಕ್ಕರೆ ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. ನಗಿಸಬೇಡ ಕಣೇ ಎಂದು ಅವಳನ್ನು ಬೇಡಿಕೊಳ್ಳುತ್ತಿದ್ದೆ.

ಆಗ ನನ್ನ ಗಾಲ್ ಬ್ಲ್ಯಾಡರ್ ತೆಗೆದಿದ್ದರು. ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್. ಕೋಲಾರದ ಮಗಳ ಮನೆಗೆ ವಾಪಸು ಬರುವಾಗ ನನ್ನ ಜೊತೆಗೆ ಒಂದು ಪ್ಲಾಸ್ಟಿಕ್ ಕವರಿನ ತುಂಬ ಮಾತ್ರೆಗಳು ಬಂದವು. ಆಂಟಿಬಯಾಟಿಕ್ಕೇ ಎರಡು ತರಹ, ನೋವಿಗೊಂದು, ಗ್ಯಾಸಿಗೊಂದು, ಶಕ್ತಿಗೊಂದು. ಇದು ಯಾಕೆ, ಅದು ಯಾಕೆ ಎಂದು ನಾನು ಕೇಳಲಿಲ್ಲ. ಡಾಕ್ಟರ್ ಬರೆದಿದ್ದಾರೆ, ಕೋರ್ಸ್ ಕಂಪ್ಲೀಟ್ ಮಾಡಬೇಕು, ದಟ್ಸ್ ಆಲ್. ನಾದಿನಿ ಕ್ಯಾಲನೂರಿನಲ್ಲಿ ತನ್ನ ಹಸುಗಳನ್ನು ಸೊಸೆಗೆ ಒಪ್ಪಿಸಿ, ಒಂದು ಕೈಚೀಲ ಹಿಡಿದು ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ನನ್ನ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಬೇರೆ ರೂಮಿನಲ್ಲಿ ದಿವಾನ್ ಇದೆ ಅಂದರೂ ಕೇಳಲಿಲ್ಲ. ಆ ಮಾತ್ರೆಗಳಿಂದ ನನ್ನ ಹೊಟ್ಟೆ ಕೆಟ್ಟು, ಬಾಯೆಲ್ಲ ಕಹಿಯಾಗಿ, ಅನ್ನ ಕಂಡರೆ ವಾಕರಿಕೆ ಬರುತ್ತಿತ್ತು. ಅವಳು ಮೊಸರನ್ನ ನುಣ್ಣಗೆ ಕಲಸಿ ತಿನ್ನಿಸಿ, ತಿಂದ ತಕ್ಷಣ ಪಟ್ ಅನ್ನಿಸುತ್ತಿದ್ದಳು. ನಾನು ಎದ್ದು ಓಡಾಡುವಂತಾದಾಗ ಅವಳ ಮನಸ್ಸಿನಲ್ಲಿ ಒಂದು ವಿಷಯ ಗಟ್ಟಿಯಾಗಿ ಕೂತುಬಿಟ್ಟಿತ್ತು. ಒಳಗಿನ ಗಾಯ ಕೂಡಿಸುವುದು ಈ ದೊಡ್ಡ ಮಾತ್ರೆಗಳೇ. ನಾನೂ ಅಲ್ಲ ಅನ್ನಲಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಕೆ.ಜಿ.ಎಫ್.ನ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್‌ಗಳು ಕಾರಿಡಾರಿನಲ್ಲಿ ಕನ್ನಡವೋ ತಮಿಳೋ ಕಿವಿಗೆ ಬಿದ್ದರೆ ಕಣ್ಣು ಬಿಡುತ್ತಿದ್ದ ಕಾಲ ಅದು. ಮದುವೆಯಾಗಿ ಬಂದದ್ದು ರಾಗಿ, ಹಿಪ್ಪುನೇರಳೆ, ಸೀಮೆಹಸುಗಳ ಮನೆತನಕ್ಕೆ. ಮನೆಯವರೆಲ್ಲ ಒಂದೇ ಉಸಿರಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುವವರು. ಆಗ ನನ್ನನ್ನು ಕಂಡು ಹೆದರದವಳು ಈ ನಾದಿನಿ ಒಬ್ಬಳೇ. ಮೊದಲ ದಿನವೇ ನನ್ನನ್ನು ವದಿನಾ ಎಂದು ತೆಲುಗಿನಲ್ಲಿ ಕರೆದಳು. ಕೊನೆಯ ತನಕವೂ ಅದೇ. ಇಂಗ್ಲಿಷ್ ಬರುವ ಅತ್ತಿಗೆ ಇದ್ದಾಳೆ ಎನ್ನುವುದು ಅವಳಿಗೆ ಮನೆಯಲ್ಲಿ ಒಂದು ಒಳ್ಳೆಯ ಹಸು ಇದ್ದಂತೆ, ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಯಾವುದಾದರೂ ಔಷಧದ ಡಬ್ಬ, ಬ್ಯಾಂಕಿನವರು ಕೊಟ್ಟ ಕಾಗದ, ಮೊಬೈಲಿಗೆ ಬಂದ ಮೆಸೇಜು, ಎಲ್ಲ ನನ್ನ ಹತ್ತಿರ ಬರುತ್ತಿತ್ತು. ನಾನು ಕನ್ನಡಕ ಹಾಕಿಕೊಂಡು ಓದಿ, ಇಂಥದ್ದು ಅಂತ ಹೇಳುತ್ತಿದ್ದೆ. ಪೂರ್ತಿ ಹೇಳುತ್ತಿದ್ದೆನೇ? ಈಗ ಆ ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಇಂಜೆಕ್ಷನ್ ಹಾಲಿನ ವಿಷಯವನ್ನು ಇಲ್ಲೇ ಹೇಳಿಬಿಡಬೇಕು.

ಹಸುವಿಗೆ ಕೆಚ್ಚಲು ಬಾವು ಬಂದರೆ ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಡುತ್ತಾರೆ, ಮೊಲೆಯ ತೂತಿನಿಂದ ಒಳಕ್ಕೆ ಟ್ಯೂಬಿನ ಔಷಧವನ್ನೂ ಏರಿಸುತ್ತಾರೆ. ಆ ಔಷಧ ಹಾಲಿನಲ್ಲಿ ಬರುತ್ತದೆ. ಹಾಗಾಗಿ ಅದು ಇಳಿಯುವ ತನಕ ಆ ಹಸುವಿನ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಹಾಕಿದರೆ ಇಡೀ ಊರಿನ ಕ್ಯಾನು ವಾಪಸು ಬರುತ್ತದೆ, ಊರವರೆಲ್ಲ ಬಾಯಿಗೆ ಬಂದಂತೆ ಬೈಯುತ್ತಾರೆ. ನಾದಿನಿ ಡೇರಿಯ ವಿಷಯದಲ್ಲಿ ಬಹಳ ನಿಯತ್ತಿನವಳು. ಒಂದು ಹನಿ ಸೇರಿಸುತ್ತಿರಲಿಲ್ಲ. ಆದರೆ ಹಾಲು ಚೆಲ್ಲುವುದಕ್ಕೆ ಅವಳಿಗೆ ಕೈ ಬಾರದು. ಕರುವಿಗೆ ಬಿಟ್ಟು ಉಳಿದದ್ದನ್ನು ಕ್ಯಾನಿಗೆ ಹಾಕಿಕೊಂಡು ಬಸ್ಸು ಹತ್ತಿ ನನ್ನ ಮನೆಗೆ ತಂದುಬಿಡುತ್ತಿದ್ದಳು. ಬಾವು ಬಂದ ಮೊಲೆಯದಲ್ಲ, ಉಳಿದ ಮೂರರದ್ದು ಎಂದು ಆಣೆ ಇಡುತ್ತಿದ್ದಳು. ಡೇರಿಯವರು ಬೇಡ ಅಂದದ್ದು ನನಗೆ ಬೇಕಾ ಎಂದು ನಾನು ರೇಗಿಸಿದರೆ, ನೀನು ಡೇರಿಗಿಂತ ಹೆಚ್ಚಾ ಎಂದು ತಿರುಗಿಸಿ ಕೇಳುತ್ತಿದ್ದಳು. ತಾನು ಮಾತ್ರ ಯಾವ ಹಾಲನ್ನೂ ಬಾಯಿಗಿಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಲಿನ ವಾಸನೆಯಲ್ಲೇ ಬೆಳೆದು ಹಾಲೆಂದರೆ ಅವಳಿಗೆ ಹೇಸಿಗೆ. ಬೆಲ್ಲ ಹಾಕಿದ ಕರಿ ಕಾಫಿ ಒಂದೇ ಅವಳ ಪಾಲಿಗೆ.

ಒಮ್ಮೆ ಆ ಹಾಲಿಗೆ ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗೇ ಇದೆ, ಸ್ವಲ್ಪ ಲೋಳೆ ಲೋಳೆ. ಫೋನ್ ಮಾಡಿ ಕೇಳಿದಾಗ ಅವಳಿಗೆ ನಗು. ಔಷಧ ಕುಡಿದ ಹಾಲು ಹೆಪ್ಪಿಗೆ ಜಗ್ಗುವುದಿಲ್ಲ ಎಂದಳು. ಯಾಕೆ ಜಗ್ಗುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವತ್ತು ನಾನು ಟೀಚರ್ ಆಗಿಬಿಟ್ಟೆ. ಹಾಲು ಮೊಸರಾಗುವುದು ಬ್ಯಾಕ್ಟೀರಿಯಾ ಎಂಬ ಸಣ್ಣ ಸಣ್ಣ ಜೀವಿಗಳಿಂದ, ಆಂಟಿಬಯಾಟಿಕ್ ಅವುಗಳನ್ನು ಕೊಂದುಹಾಕುತ್ತದೆ, ನನ್ನ ಆಪರೇಷನ್ ಆದಾಗ ನೀನು ಪಟ್ ಅನ್ನಿಸಿ ಕೊಡುತ್ತಿದ್ದೆಯಲ್ಲ, ಆ ಮಾತ್ರೆಯ ಜಾತಿಯದೇ ಇದು, ಹಸುವಿನ ಮೈಯಿಂದ ಹಾಲಿಗೆ ಬಂದಿದೆ ಎಂದು ಫೋನಿನಲ್ಲೇ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಹೂಂ, ಹೂಂ ಎಂದು ಕೇಳಿದಳು. ಅಷ್ಟು ವಿವರವಾಗಿ ಅವಳಿಗೆ ನಾನು ಹೇಳಿದ ವಿಷಯ ಬಹುಶಃ ಅದೊಂದೇ. ಅದನ್ನೇ ಅವಳು ಮರೆಯಲಿಲ್ಲ.

ನನ್ನ ಆಪರೇಷನ್ ಆಗಿ ಕೆಲವು ವರ್ಷಗಳಾದ ಮೇಲೆ ಅವಳಿಗೂ ಅದೇ ನೋವು ಬಂತು. ಎಣ್ಣೆಯದು ಏನಾದರೂ ತಿಂದರೆ ಬಲಪಕ್ಕೆಯಲ್ಲಿ ಹಿಡಿದುಕೊಳ್ಳುವುದು, ಬೆನ್ನಿಗೆ ಒದ್ದಂತಾಗುವುದು. ಅವಳ ಮಗನಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ, ಅವನು ರಜೆ ಹಾಕಿ ಸ್ಕ್ಯಾನಿಂಗ್ ಮಾಡಿಸಿದ. ಕಲ್ಲು. ವದಿನದೂ ಕಲ್ಲು, ನಂದೂ ಕಲ್ಲು, ಒಂದೇ ಬಾವಿ ನೀರು ಕುಡಿದಿದ್ದೀವಿ ನೋಡು ಎಂದು ಅವಳು ಖುಷಿಪಟ್ಟಂತೆ ಹೇಳಿಕೊಂಡಳು. ಕೋಲಾರದಲ್ಲೇ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಸರ್ಕಾರದ ಕಾರ್ಡಿನ ಮೇಲೆ ಪುಕ್ಕಟೆಯಾಗಿ, ಆಪರೇಷನ್ ಎಂದು ಗೊತ್ತಾಯಿತು. ಅಲ್ಲಿಯ ಡಾಕ್ಟರುಗಳಲ್ಲಿ ಬಹಳ ಜನ ಹೊರಗಿನವರು, ಹಾಗಾಗಿ ಇಂಗ್ಲಿಷ್ ಬರುವ ವದಿನ ಜೊತೆಗಿರಬೇಕು ಎಂದು ಅವಳೇ ಹಟ ಹಿಡಿದಳು.

ಅವಳನ್ನು ನೋಡಿಕೊಳ್ಳುತ್ತಿದ್ದ ಸರ್ಜನ್ ಒಬ್ಬಳು ಹುಡುಗಿ. ನನ್ನ ಮೊಮ್ಮಗಳ ವಯಸ್ಸಿನವಳು ಎಂದರೂ ಸರಿಯೇ. ಉತ್ತರದ ಕಡೆಯವಳು. ನೋವಾ, ಊಟ ಆಯ್ತಾ, ಉಸಿರು ಎಳ್ಕೊಳ್ಳಿ, ಇಷ್ಟು ಕನ್ನಡ ಕಲಿತಿದ್ದಳು. ಆಪರೇಷನ್ನಿಗೆ ಮುಂಚೆ ನಾದಿನಿಯ ತೋಳಿನ ಒಳಗಡೆ ಚರ್ಮದ ಕೆಳಗೆ, ಮೈಗೆ ಆಗುತ್ತದೋ ಇಲ್ಲವೋ ನೋಡಲು, ಒಂದು ಚೂರು ಔಷಧ ಚುಚ್ಚಿ, ಪೆನ್ನಿನಿಂದ ಸುತ್ತ ಗೆರೆ ಎಳೆದು ಹೋಗಿದ್ದರು. ಸ್ವಲ್ಪ ಹೊತ್ತಿಗೆ ಅದು ಸೊಳ್ಳೆಯಲ್ಲ, ಕಣಜ ಕಚ್ಚಿದಂತೆ ಊದಿಕೊಂಡಿತು. ನರ್ಸು ಬಂದು ನೋಡಿ ಆ ಹುಡುಗಿಯನ್ನು ಕರೆದಳು. ಅವಳು ಗೆರೆ ದಾಟಿದ ಊತವನ್ನು ಬೆರಳಿನಿಂದ ಮುಟ್ಟಿ ನೋಡಿ, ಔಷಧ ಬದಲಾಯಿಸಿ ಎಂದಳು. ಅಷ್ಟೇ. ಆಪರೇಷನ್ ಸುಸೂತ್ರವಾಗಿ ಆಯಿತು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಪಟ್ಟಿಗಳು.

ಮನೆಗೆ ಕಳಿಸುವ ದಿನ ಆ ಹುಡುಗಿ ಮಂಚದ ಪಕ್ಕ ನಿಂತು ನನಗೆ ಎಲ್ಲವನ್ನೂ ಹೇಳಿದಳು. ಇಂಗ್ಲಿಷಿನಲ್ಲಿ. ಇಂಥ ಕ್ಲೀನ್ ಆಪರೇಷನ್ನಿಗೆ ಶುರು ಮಾಡುವ ಮುಂಚೆ ಒಂದು ಡೋಸ್ ಆಂಟಿಬಯಾಟಿಕ್ ಕೊಟ್ಟರೆ ಸಾಕು, ಎಷ್ಟೋ ಸಲ ಅದೂ ಬೇಕಿಲ್ಲ ಎಂದಳು. ಆಮೇಲೆ ದಿನಗಟ್ಟಲೆ ಮಾತ್ರೆ ನುಂಗಿದರೆ ಗಾಯವೇನೂ ಬೇಗ ಮಾಯುವುದಿಲ್ಲ, ಹೊಟ್ಟೆ ಕೆಡುತ್ತದೆ, ಮುಂದೆ ನಿಜವಾಗಿ ಬೇಕಾದಾಗ ಆ ಔಷಧ ಕೆಲಸ ಮಾಡುವುದಿಲ್ಲ. ಅದಕ್ಕೇ ಬರೆದಿಲ್ಲ, ಕಾರ್ಡಿನ ಪೇಷೆಂಟ್ ಅಂತ ಅಲ್ಲ, ನನ್ನ ತಾಯಿಗಾದರೂ ಹೀಗೇ ಮಾಡುತ್ತಿದ್ದೆ. ಇಷ್ಟು ಹೇಳಿ, ಧ್ವನಿ ಸ್ವಲ್ಪ ಇಳಿಸಿ ಇನ್ನೊಂದು ಹೇಳಿದಳು. ಇವರ ತೋಳು ನೋಡಿದಿರಲ್ಲ, ಪೆನಿಸಿಲಿನ್ ಜಾತಿಯ ಔಷಧ ಇವರಿಗೆ ಆಗುವುದಿಲ್ಲ, ಯಾವ ರೂಪದಲ್ಲೂ ಹೊಟ್ಟೆಗೆ ಹೋಗಬಾರದು, ಇವತ್ತು ತೋಳಿನಲ್ಲಿ ಊದಿದ್ದು ನಾಳೆ ಗಂಟಲಿನಲ್ಲಿ ಊದಬಹುದು. ಯಾವ ಡಾಕ್ಟರ ಹತ್ತಿರ ಹೋದರೂ, ಯಾವ ಮೆಡಿಕಲ್ ಶಾಪಿಗೆ ಹೋದರೂ ಮೊದಲು ಇದನ್ನು ಹೇಳಬೇಕು. ನೀವು ಚೆನ್ನಾಗಿ ಎಕ್ಸ್‌ಪ್ಲೇನ್ ಮಾಡ್ತೀರಲ್ಲ ಆಂಟಿ ಎಂದು ಕೇಳಿದಳು.

ಆಫ್ ಕೋರ್ಸ್ ಡಾಕ್ಟರ್, ಎಂದೆ.

ಆ ಮೇಲೆ ಅವಳು ನಿಮ್ಮ ಇಂಗ್ಲಿಷ್ ಎಷ್ಟು ಲವ್ಲಿಯಾಗಿದೆ ಎಂದಳು. ಎಲ್ಲಿ ಓದಿದ್ದು ಎಂದಳು. ಇಷ್ಟೇ ಸಾಕಾಯಿತು ನನಗೆ. ಗಂಡ ಹೋದ ಮೇಲೆ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುವವರು ಯಾರೂ ಇರಲಿಲ್ಲ. ಮಗಳಿಗೆ ಪುರುಸೊತ್ತಿಲ್ಲ. ಕಾನ್ವೆಂಟ್, ಸಿಸ್ಟರ್‌ಗಳು, ಪಿಯಾನೋ ಇದ್ದ ರೂಮು, ಗಣಿಯ ಸೈರನ್ ಕೂಗಿದಾಗ ನಿಂತುಹೋಗುತ್ತಿದ್ದ ಪ್ರೇಯರ್, ಎಲ್ಲ ಹೇಳಿದೆ. ಆ ಹುಡುಗಿ ಪಾಪ, ತನ್ನದೂ ಕಾನ್ವೆಂಟೇ ಎಂದು ನಿಂತು ಕೇಳಿದಳು, ನಕ್ಕಳು. ನಾದಿನಿ ದಿಂಬಿಗೆ ಒರಗಿ ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದಳು. ತನ್ನ ವಿಷಯವಾಗಿಯೇ ಇಷ್ಟು ಹೊತ್ತು ಮಾತು ನಡೆದಿದೆ ಎಂದು ಅಂದುಕೊಂಡಿರಬೇಕು. ಡಾಕ್ಟರ್ ಹೋದ ಮೇಲೆ ನಾದಿನಿ ಕೇಳಿದಳು.

"ಏನಂತೆ ವದಿನಾ?"

"ಎಲ್ಲಾ ಸರಿಯಾಗಿದೆಯಂತೆ. ಮಾತ್ರೆ ಏನೂ ಬೇಡವಂತೆ."

"ಅಷ್ಟೇನಾ?"

"ಅಷ್ಟೇ ಕಣೇ. ಏಳು, ಸೀರೆ ಉಟ್ಕೋ."

ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ತಲೆಯಲ್ಲಿ ಎಲ್ಲ ಇತ್ತು. ದಾರಿಯಲ್ಲಿ ಹೇಳೋಣ, ಮನೆಗೆ ಹೋಗಿ ಹೇಳೋಣ ಅನ್ನಿಸಿತು. ಇನ್ನೂ ನನ್ನ ಕಿವಿಯಲ್ಲಿ ಆ ಲವ್ಲಿ ಎಂಬ ಮಾತು ಇತ್ತು. ಅದರಿಂದ ಇಳಿದು ಬಂದು ಪೆನಿಸಿಲಿನ್ ಎಂದರೆ ಏನು, ಜಾತಿ ಎಂದರೆ ಏನು ಎಂದು ಕನ್ನಡದಲ್ಲಿ ಬಿಡಿಸಿ ಹೇಳುವ ತಾಳ್ಮೆ ಅವತ್ತು ನನಗೆ ಇರಲಿಲ್ಲ.

ಕ್ಯಾಲನೂರಿಗೆ ಅವಳನ್ನು ಬಿಡಲು ನಾನೂ ಕಾರಿನಲ್ಲಿ ಹೋದೆ. ಅವಳು ದಾರಿಯುದ್ದಕ್ಕೂ ಸಪ್ಪಗೆ ಕೂತಿದ್ದಳು. ಊರು ಹತ್ತಿರ ಬಂದಾಗ, ನಿನಗೆ ಚೀಲದ ತುಂಬ ಕೊಟ್ಟಿದ್ದರು, ನನಗೆ ಒಂದೂ ಇಲ್ವಲ್ಲ ಎಂದಳು. ಬೇಡ ಅಂದರೆ ಬೇಡ, ಡಾಕ್ಟರಿಗಿಂತ ನಿನಗೆ ಹೆಚ್ಚು ಗೊತ್ತಾ ಎಂದೆ. ಆಗಲಾದರೂ ಹೇಳಬಹುದಿತ್ತು, ಆ ಹುಡುಗಿ ಹೇಳಿದ ಪ್ರಕಾರ ನನಗೇ ಅಷ್ಟೊಂದು ಬೇಕಿರಲಿಲ್ಲವಂತೆ ಎಂದು. ಹೇಳಲಿಲ್ಲ. ನನ್ನ ಬೆಂಗಳೂರಿನ ಆಪರೇಷನ್ ದಂಡದ್ದು ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿತೋ ಏನೋ.

ಊರಲ್ಲಿ ನೋಡಲು ಬಂದವರೆಲ್ಲ ಬ್ರೆಡ್ಡು, ಬಾಳೆಹಣ್ಣು ತಂದು ಇಟ್ಟು, ಪಟ್ಟಿ ನೋಡಿ, ಕೊನೆಗೆ ಮಾತ್ರೆ ಎಲ್ಲಿ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಮುದುಕಿಯೊಬ್ಬಳು, ಒಳಗೆ ತೆಗೆದರೋ ಇಲ್ಲವೋ ಯಾರು ಕಂಡರು, ಮೇಲೆ ಪಟ್ಟಿ ಅಂಟಿಸಿ ಕಳಿಸಿರಬೇಕು ಎಂದು ನಗೆಯಾಡಿದಳು. ನಾದಿನಿ ನನ್ನ ಕಡೆ ನೋಡಿದಳು. ನಾನು ಅವತ್ತು ಸಂಜೆಯ ಬಸ್ಸಿಗೇ ಕೋಲಾರಕ್ಕೆ ಹೊರಟುಬಿಟ್ಟೆ. ಮಂಡಿ ನೋವು, ಮಗಳಿಗೆ ಕಾಲೇಜಿನ ಪರೀಕ್ಷೆ ಡ್ಯೂಟಿ, ಎರಡೂ ನಿಜವೇ. ಅವಳು ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದಳು ಎನ್ನುವುದೂ ನಿಜ.

ಅವಳು ಮನೆಗೆ ಬಂದ ಮರುದಿನವೋ ಅದರ ಮರುದಿನವೋ ಕೊಟ್ಟಿಗೆಯಲ್ಲಿ ಒಂದು ಹಸುವಿಗೆ ಕೆಚ್ಚಲು ಬಾತಿತು. ದನದ ಡಾಕ್ಟರು ಬಂದು ಇಂಜೆಕ್ಷನ್ನು, ಟ್ಯೂಬು ಎಲ್ಲ ಮಾಡಿ, ಹಾಲು ಡೇರಿಗೆ ಹಾಕಬೇಡಿ ಎಂದು ಹೇಳಿ ಹೋದರು. ಹೊಕ್ಕುಳಿನ ಹತ್ತಿರದ ಗಾಯ ಸ್ವಲ್ಪ ಚುರುಚುರು ಅನ್ನುತ್ತಿದೆ ಎಂದು ನಾದಿನಿ ಒಳಗೊಳಗೇ ಹೆದರಿಕೊಂಡಿದ್ದಳಂತೆ. ಹಸುವಿನ ಕೆಚ್ಚಲಿಗೆ ಔಷಧ ಇದೆ, ನನಗಿಲ್ಲ ಎಂದು ಸೊಸೆಯ ಹತ್ತಿರ ಹೇಳಿದ್ದಳಂತೆ. ಆಗ ಅವಳಿಗೆ ನನ್ನ ಪಾಠ ನೆನಪಾಯಿತು. ಆ ಮಾತ್ರೆಯ ಜಾತಿಯದೇ ಇದು, ಹಾಲಿಗೆ ಬಂದಿದೆ. ಡೇರಿಯವರು ಬೇಡ ಅನ್ನುವುದೂ ಅದಕ್ಕೇ ಅಲ್ಲವಾ, ಒಳಗೆ ಔಷಧ ಇದೆ ಅಂತ. ಹಾಲೆಂದರೆ ಹೇಸುವವಳು ಮರುದಿನ ಬೆಳಿಗ್ಗೆ ಕರೆದ ಹಾಲನ್ನು ಒಂದು ಚೊಂಬು ಹಿಡಿದಳು. ಕಾಯಿಸಿದರೆ ಔಷಧದ ಗುಣ ಹೋದೀತು ಎಂದು ಹಸಿಯಾಗಿಯೇ, ಮೂಗು ಹಿಡಿದುಕೊಂಡು, ಪೂರ್ತಿ ಕುಡಿದಳು.

ಮೊದಲು ಮೈಯೆಲ್ಲ ದದ್ದು. ಸೊಸೆ ಅದನ್ನು ಪಿತ್ತದ ಗಂಧೆ ಎಂದುಕೊಂಡು ಕಂಬಳಿ ತಂದು ಮೈ ಉಜ್ಜಿದಳು. ಪಿತ್ತದ ಚೀಲವನ್ನೇ ತೆಗೆದುಹಾಕಿದ್ದಾರೆ, ಮತ್ತೆ ಪಿತ್ತ ಎಲ್ಲಿಂದ ಬಂತು ಎಂದು ನಾದಿನಿ ಆ ತುರಿಕೆಯಲ್ಲೂ ಕೇಳಿದಳಂತೆ. ಆಮೇಲೆ ತುಟಿ ಊದಿತು, ಕಣ್ಣು ಮುಚ್ಚಿಕೊಂಡವು. ಅಷ್ಟರಲ್ಲಿ ಮಗ ರಾತ್ರಿ ಶಿಫ್ಟು ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಮನೆಗೆ ಬಂದ. ಅವನು ಬಂದದ್ದೇ ಪುಣ್ಯ. ಕಾರು ಮಾಡಿಕೊಂಡು ಅವಳನ್ನು ಕೂರಿಸಿಕೊಂಡು ಹೊರಟು, ದಾರಿಯಿಂದ ನನಗೆ ಫೋನ್ ಮಾಡಿದ.

"ಅತ್ತೆ, ಅಮ್ಮಂಗೆ ಉಸಿರಾಡೋಕೆ ಆಗ್ತಾ ಇಲ್ಲ. ಆಸ್ಪತ್ರೆ ಹತ್ರ ಬನ್ನಿ, ಬೇಗ ಬನ್ನಿ."

ನಾನು ಆಟೋ ಹಿಡಿದು ಅವರಿಗಿಂತ ಮುಂಚೆ ಹೋಗಿ ನಿಂತಿದ್ದೆ. ಕಾರಿನಿಂದ ಇಳಿಸಿದಾಗ ಆ ಮುಖ ನನಗೆ ಗುರುತು ಸಿಗಲಿಲ್ಲ. ಎದೆಯಿಂದ ಸೀಟಿ ಊದಿದಂಥ ಸದ್ದು. ಒಳಗೆ ಓಡಿದರು, ಇಂಜೆಕ್ಷನ್ನು, ಆಕ್ಸಿಜನ್ನು. ನಾನು ಹೊರಗೆ ಗೋಡೆಗೆ ಒರಗಿ ಜಪಮಾಲೆ ಇಲ್ಲದ ಕೈಯಲ್ಲಿ ಹೇಲ್ ಮೇರಿ ಹೇಳಿದೆ. ನಾನು ಕ್ರಿಶ್ಚಿಯನ್ ಅಲ್ಲ. ಆದರೆ ಭಯವಾದಾಗ ಬಾಯಿಗೆ ಬರುವುದು ಚಿಕ್ಕಂದಿನಲ್ಲಿ ಕಲಿತದ್ದೇ.

ಮಧ್ಯಾಹ್ನದ ಹೊತ್ತಿಗೆ ಊತ ಇಳಿಯಿತು, ಮಾತಾಡುವಂತಾದಳು. ಅದೇ ಹುಡುಗಿ ಡಾಕ್ಟರ್ ವಾರ್ಡಿಗೆ ಬಂದು, ಏನು ತಿಂದರು, ಯಾವ ಮಾತ್ರೆ ತಗೊಂಡರು ಕೇಳಿ ಎಂದಳು. ಕೇಳಿದೆ. ಯಾವ ಮಾತ್ರೆಯೂ ಇಲ್ಲ, ಇಂಜೆಕ್ಷನ್ ಹಾಲು ಕುಡಿದೆ ಎಂದು ನಾದಿನಿ ಮೆಲ್ಲಗೆ ಹೇಳಿದಳು. ಡಾಕ್ಟರಿಗೆ ಅರ್ಥವಾಗುವ ಮುಂಚೆ ನನಗೆ ಅರ್ಥವಾಯಿತು. ಆವಾಗ ಮಾತ್ರ ಒಂದು ಮಾತನ್ನೂ ಬಿಡದೆ ಇಂಗ್ಲಿಷಿಗೆ ಹೇಳಿದೆ. ಕೆಚ್ಚಲು ಬಾವು, ಟ್ಯೂಬು, ಡೇರಿ, ಹಸಿ ಹಾಲು, ಚೊಂಬು, ಎಲ್ಲ. ಹುಡುಗಿ ಬಾಯಿ ತೆರೆದುಕೊಂಡು ಕೇಳಿದಳು. ಹಸುವಿಗೆ ಕೊಟ್ಟದ್ದು ಪೆನಿಸಿಲಿನ್ ಜಾತಿಯದೇ ಎಂದು ಆಮೇಲೆ ಗೊತ್ತಾಯಿತು. ಹುಡುಗಿ ನನ್ನನ್ನು ಕೇಳಿದಳು, ಆಂಟಿ, ಯು ಹ್ಯಾಡ್ ಟೋಲ್ಡ್ ಹರ್, ನೋ?

ನಾನು ನಾದಿನಿಯ ಹೊದಿಕೆ ಸರಿಮಾಡತೊಡಗಿದೆ. ಆ ಹುಡುಗಿ ತಾನೇ ನಾದಿನಿಯ ಕಡೆ ತಿರುಗಿ ತನ್ನ ತುಂಡು ಕನ್ನಡದಲ್ಲಿ, "ಅಮ್ಮಾ, ಈ ಔಷಧ ಬೇಡ ಅಂತ ಆಂಟಿ ಹೇಳಿದ್ರಾ?" ಎಂದಳು.

ನಾದಿನಿ ಊದಿದ ಕಣ್ಣಿನ ಸಂದಿಯಿಂದ ನನ್ನನ್ನು ನೋಡಿದಳು. "ಹೇಳಿದ್ರು ಕಣಮ್ಮಾ. ನಾನೇ ಕಿವಿಗೆ ಹಾಕ್ಕೊಳ್ಳಿಲ್ಲ."

ನಾನು ಅಲ್ಲ ಎನ್ನಬೇಕಿತ್ತು. ನೋ ಡಾಕ್ಟರ್, ಐ ಡಿಡ್ ನಾಟ್, ಇಷ್ಟೇ. ಅಷ್ಟೆಲ್ಲ ಇಂಗ್ಲಿಷ್ ಕಲಿತವಳಿಗೆ ಆ ಪುಟ್ಟ ವಾಕ್ಯ ಬರಲಿಲ್ಲ. ಹುಡುಗಿ ತಲೆ ಆಡಿಸಿ ಮುಂದಿನ ಮಂಚಕ್ಕೆ ಹೋದಳು.

ನಾವಿಬ್ಬರೇ ಉಳಿದೆವು. ಅವಳು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಮಲಗಿದ್ದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅವಳು ಕೇಳಿದ್ದು ಒಂದೇ.

"ಆ ಹುಡುಗಿ ಇನ್ನೂ ಏನಾದ್ರೂ ಹೇಳಿತ್ತಾ ವದಿನಾ, ನೀನು ನಂಗೆ ಹೇಳೋದು ಬಿಟ್ಟಿರೋದು?"

ಕುರ್ಚಿ ಎಳೆದುಕೊಂಡು ಕೂತೆ. ಮೊದಲಿನಿಂದ ಹೇಳಿದೆ. ಒಂದು ಡೋಸ್ ಸಾಕು ಎಂದದ್ದು, ಹೆಚ್ಚಿಗೆ ನುಂಗಿದರೆ ಏನಾಗುತ್ತದೆ ಎಂದದ್ದು, ಕಾರ್ಡಿನ ಪೇಷೆಂಟ್ ಅಂತ ಅಲ್ಲ ಎಂದದ್ದು, ತನ್ನ ತಾಯಿಗಾದರೂ ಹೀಗೇ ಮಾಡುತ್ತಿದ್ದೆ ಎಂದದ್ದು. ತೋಳಿನ ಊತ ಯಾಕೆ ಬಂತು, ಅದರ ಹೆಸರೇನು, ಯಾರಿಗೆಲ್ಲ ಹೇಳಬೇಕು. ನನ್ನ ಚೀಲದ ತುಂಬ ಇದ್ದ ಮಾತ್ರೆಯಲ್ಲಿ ಬಹಳಷ್ಟು ವೇಸ್ಟ್ ಎಂಬುದನ್ನೂ ಹೇಳಿದೆ. ಆಮೇಲೆ ನಾವು ಕಾನ್ವೆಂಟಿನ ವಿಷಯ ಮಾತಾಡಿದ್ದು ಎಂದೂ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಇಷ್ಟುದ್ದ ಇತ್ತಾ?" ಎಂದಳು. ಕಣ್ಣು ಮುಚ್ಚಿದಳು.

ಮನೆಯಲ್ಲಿ ಯಾರಿಗೂ ಅವಳು ನನ್ನ ಮೇಲೆ ಒಂದು ಮಾತು ಆಡಲಿಲ್ಲ. ಹಸಿ ಹಾಲು ಕುಡಿದ ತನ್ನ ದಡ್ಡತನವನ್ನೇ ಕಥೆ ಮಾಡಿ ಹೇಳಿ ಎಲ್ಲರನ್ನೂ ನಗಿಸಿದಳು. ಒಂದು ದಿನ ಮಗಳ ಮನೆಯಲ್ಲಿ ಅದೇ ಕಥೆ ಹೇಳಿ ನಗುತ್ತಿದ್ದಾಗ ನಾನು ಎದ್ದು ಅಡಿಗೆಮನೆಗೆ ಹೋದೆ. ಹಾಲು ಉಕ್ಕುವುದಕ್ಕೆ ಇನ್ನೂ ಹೊತ್ತಿತ್ತು, ಆದರೂ ಒಲೆಯ ಮುಂದೆ ನಿಂತಿದ್ದೆ.

ಬದಲಾದದ್ದು ಒಂದೇ. ಕಾಗದ, ಡಬ್ಬ, ಮೆಸೇಜು, ಯಾವುದೂ ನನ್ನ ಹತ್ತಿರ ಬರುವುದು ನಿಂತುಹೋಯಿತು. ಕೋಪದಿಂದಲ್ಲ. ಸೊಸೆ ನೋಡಿ ಹೇಳ್ತಾಳೆ, ನಿನಗ್ಯಾಕೆ ತೊಂದರೆ ಎನ್ನುತ್ತಿದ್ದಳು. ಕಣ್ಣು ತೋರಿಸಲು, ಬಿ.ಪಿ. ನೋಡಿಸಲು ಕೋಲಾರಕ್ಕೆ ಬಂದರೂ ಒಬ್ಬಳೇ ಹೋಗಿ ಬಂದು, ಆಮೇಲೆ ನಮ್ಮ ಮನೆಗೆ ಬರುತ್ತಿದ್ದಳು. ಅವಳು ಕರೆಯದೆ ಜೊತೆಗೆ ಹೋಗಲು ನಾನು ಸಂಕೋಚಪಟ್ಟೆ. ಆ ಹುಡುಗಿ ಡಾಕ್ಟರನ್ನು ಕಂಡು ನಿಜ ಹೇಳಬೇಕು ಎಂದು ಎಷ್ಟೋ ಸಲ ಸೀರೆ ಉಟ್ಟು ತಯಾರಾದೆ. ಗೇಟಿನ ತನಕ ಹೋಗಿ ವಾಪಸು ಬಂದೆ.

ಅವಳು ಹೋದದ್ದು ಇದರಿಂದಲ್ಲ. ಮುಂದೆ ಯಾವಾಗಲೋ ಎದೆನೋವು ಬಂದು, ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು. ಆಗ ನನಗೆ ಚಿಕುನ್ ಗುನ್ಯಾ ಆಗಿ ಕೈಕಾಲು ಮಡಚಲಾರದೆ ಮಲಗಿದ್ದೆ. ಮುಖ ನೋಡಲು ಹೋಗಲಾಗಲಿಲ್ಲ. ಇದರಿಂದಲ್ಲ ಎಂದು ಅವಳ ಮಗನೂ ಹೇಳಿದ, ಡಾಕ್ಟರೂ ಹೇಳಿದರು, ನಾನೂ ನನಗೇ ಹೇಳಿಕೊಳ್ಳುತ್ತೇನೆ. ಅದರಿಂದ ನನಗೆ ಅಂಥ ಸಮಾಧಾನವೇನೂ ಆಗಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಮುಂಚೆ, ಒಂದು ಬೇಸಿಗೆಯ ಮಧ್ಯಾಹ್ನ. ಆಸ್ಪತ್ರೆಗೆ ಹೋಗಿ ಬಂದೆ ಎಂದು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಾಲಿನ ಕ್ಯಾನು. ಇದು ಡೇರಿಗೆ ಹಾಕುವ ಹಾಲೇ, ಹೆಪ್ಪು ಹಾಕಿ ನೋಡು ಎಂದಳು. ಬೆಲ್ಲದ ಕಾಫಿ ಮಾಡಿ ಕೊಟ್ಟೆ. ಒಂದರ ಮೇಲೊಂದು ಎರಡು ಲೋಟ ಕುಡಿದಳು. ಹೊರಟಾಗ ನಾನೂ ಬಸ್ ಸ್ಟ್ಯಾಂಡಿನ ತನಕ ಬರ್ತೀನಿ ಎಂದು ಹಟ ಮಾಡಿ ಆಟೋದಲ್ಲಿ ಜೊತೆಗೆ ಹೋದೆ. ಕ್ಯಾಲನೂರಿನ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಕೆಳಗೆ ನಿಂತು, ಏನಂದರು ಡಾಕ್ಟರು ಎಂದು ಕೇಳಿದೆ.

ಅವಳು ಹೇಳತೊಡಗಿದಳು. ಬಿ.ಪಿ.ಗೂ ಅವಳು ತೋರಿಸುತ್ತಿದ್ದದ್ದು ಆ ಸರ್ಜನ್ ಹುಡುಗಿಗೇ, ಆ ಹುಡುಗಿಗೆ ಈಗ ಕನ್ನಡ ಚೆನ್ನಾಗಿ ಬಂದಿದೆಯಂತೆ. ಒಳಗೆ ಹೋದ ತಕ್ಷಣ ಕೂತ್ಕೊಳ್ಳಿ ಅಮ್ಮಾ ಅಂದದ್ದು, ತಾನು ಮೊದಲು ಪೆನಿಸಿಲಿನ್ ಆಗಲ್ಲ ನಂಗೆ ಅಂತ ಹೇಳಿದ್ದು, ಆ ಹುಡುಗಿ ವೆರಿ ಗುಡ್ ಅಂದದ್ದು, ಹೊಟ್ಟೆ ಒತ್ತಿ ನೋಡಿದ್ದು, ಅದರ ಕೈ ತಣ್ಣಗಿದ್ದದ್ದು, ನಡುವೆ ಫೋನು ಬಂದು ಆಕೆ ಹಿಂದಿಯಲ್ಲಿ ಯಾರಿಗೋ ರೇಗಿದ್ದು, ಮತ್ತೆ ಎಲ್ಲಿಗೆ ಬಿಟ್ಟಿದ್ದೆ ಅಂತ ತನ್ನನ್ನೇ ಕೇಳಿದ್ದು. ಉಪ್ಪು ಯಾಕೆ ಕಡಿಮೆ ಮಾಡಬೇಕು, ಯಾವ ಮಾತ್ರೆ ಊಟದ ಮುಂಚೆ, ಯಾವುದು ಆಮೇಲೆ, ಯಾವುದು ಬೇಡವೇ ಬೇಡ, ಯಾಕೆ ಬೇಡ. ನಿಮ್ಮ ಇಂಗ್ಲಿಷ್ ಆಂಟಿ ಹೇಗಿದ್ದಾರೆ ಎಂದು ಕೇಳಿದ್ದನ್ನೂ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ. ನನ್ನನ್ನು ಚುಚ್ಚುವುದಕ್ಕೆ ಹಾಗೆ ಹೇಳುತ್ತಿದ್ದಳೇ? ಅವಳ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಹಾಗೇ ಹೇಳಬೇಕು ಎಂದು ಅವಳು ಅಂದುಕೊಂಡಿದ್ದಳು, ಅಷ್ಟೇ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹಿಂದಕ್ಕೆ ಸರಿದು ತಿರುಗಿತು. ನಾನು ಕೈ ಎತ್ತಿದೆ. ಅವಳು ಕಿಟಕಿಯ ಸರಳು ಹಿಡಿದುಕೊಂಡು ಮುಖ ಹೊರಗೆ ಚಾಚಿ, ಇನ್ನೂ ಹೇಳುವುದು ಉಳಿದಿದೆ ಎಂಬಂತೆ ಬೆರಳು ಮಡಚುತ್ತ ಹೇಳುತ್ತಲೇ ಇದ್ದಳು. ಎಂಜಿನ್ನಿನ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಆದರೂ ಹೂಂ, ಹೂಂ ಎಂದು ತಲೆಯಾಡಿಸುತ್ತ, ಬಸ್ಸು ಗೇಟು ದಾಟುವ ತನಕ ಅವಳ ಬಾಯಿಯನ್ನೇ ನೋಡುತ್ತ ನಿಂತಿದ್ದೆ.